ಆತಕೂರಿನ ಬಾಳ್, ಅಚ್ಚಿನ ಓರೆ ಅಕ್ಷರ

ಇಂಗ್ಲಿಷಿನಲ್ಲಿ ಇಟಾಲಿಕ್ ಅಂತ ಕರೆಯುವ ಅಕ್ಷರ ನಮ್ಮೆಲ್ಲರ ಕಣ್ಣಿಗೂ ಬಿದ್ದಿರುತ್ತದೆ. ಬಲಕ್ಕೆ ವಾಲಿದ, ಮೈ ಸಣ್ಣಗಿರುವ, ಗೆರೆಯ ತುದಿಗಳಲ್ಲಿ ಪುಟ್ಟ ಕೊಕ್ಕೆ ಇರುವ ಅಕ್ಷರ. ಲಗ್ನಪತ್ರಿಕೆಯ ಇಂಗ್ಲಿಷ್ ಪುಟದಲ್ಲಿ ವಧೂವರರ ಹೆಸರು ಸಾಮಾನ್ಯವಾಗಿ ಇದರಲ್ಲೇ ಇರುತ್ತದೆ. ಇಂಗ್ಲಿಷ್ ಲೇಖನಗಳಲ್ಲಿ ಪುಸ್ತಕದ ಹೆಸರು, ಪರಭಾಷೆಯ ಪದ ಬಂದರೆ ಅದನ್ನು ಹೀಗೆ ವಾಲಿಸುತ್ತಾರೆ. ಶಾಸನ ಓದುವ ನಮ್ಮಂಥವರಿಗೆ ಇದು ಇನ್ನೂ ಹತ್ತಿರದ್ದು. ಕನ್ನಡ ಶಾಸನದ ಒಂದು ಪದವನ್ನು ರೋಮನ್ ಲಿಪಿಯಲ್ಲಿ ಬರೆಯಬೇಕಾದಾಗ ವಿದ್ವಾಂಸರು ಬಳಸುವುದು ಮೇಲೆ ಕೆಳಗೆ ಚುಕ್ಕೆ-ಗೆರೆ ಹೊತ್ತ ಇದೇ ಓರೆ ಅಕ್ಷರವನ್ನು.

ಅಕ್ಷರ ಚೆಂದ, ಅದರಲ್ಲಿ ತಕರಾರಿಲ್ಲ. ನನ್ನ ತಕರಾರು ಇರುವುದು ಅದೇ ಚೆಂದವನ್ನು ಶಾಸನದ ಕನ್ನಡ ಪಾಠಕ್ಕೂ ಎಳೆದು ತರುವ ಬಗ್ಗೆ. ಈಚೆಗೆ ಊರಹಬ್ಬದ ಸ್ಮರಣ ಸಂಚಿಕೆ, ದೇವಸ್ಥಾನದ ಜೀರ್ಣೋದ್ಧಾರದ ಪುಸ್ತಿಕೆ, ಶಾಲೆಯ ಶತಮಾನೋತ್ಸವದ ಹೊತ್ತಿಗೆಗಳಲ್ಲಿ ಊರಿನ ಶಾಸನವನ್ನೂ ಸೇರಿಸುವುದು ರೂಢಿಯಾಗಿದೆ. ಬಹಳ ಒಳ್ಳೆಯ ರೂಢಿ. ಆದರೆ ಅಲ್ಲಿ ಶಾಸನ ಅಂದಕೂಡಲೇ ಕಂಪ್ಯೂಟರಿನಲ್ಲಿ ಆ ಇಷ್ಟೂ ಸಾಲನ್ನು ಆರಿಸಿ, 'ಐ' ಗುಂಡಿ ಒತ್ತಿ ವಾಲಿಸಿಬಿಡುತ್ತಾರೆ. ಯಾಕೆ ಅಂತ ಮದ್ದೂರು ಕಡೆಯ ಒಂದು ಡಿಟಿಪಿ ಅಂಗಡಿಯ ಹುಡುಗನನ್ನು ಕೇಳಿದ್ದೆ. "ಸಾರ್, ಹಳೇದು ಅಂತ ಗೊತ್ತಾಗ್ಬೇಕಲ್ವಾ? ಇಟಾಲಿಕ್ ಹಾಕುದ್ರೆ ಕ್ಲಾಸಾಗಿ ಕಾಣ್ತದೆ" ಅಂದ. ಅವನ ತರ್ಕ ಪೂರ್ತಿ ತಪ್ಪಲ್ಲ. ಇದು ಬೇರೆ ಕಾಲದ ದನಿ, ನಮ್ಮ ಮಾತಲ್ಲ ಅಂತ ತೋರಿಸಲು ಒಂದು ಗುರುತು ಬೇಕು ಅನ್ನುವುದು ಅವನಿಗೆ ಹೊಳೆದಿದೆ. ಗುರುತು ಯಾವುದಿರಬೇಕು ಅನ್ನುವುದೇ ಪ್ರಶ್ನೆ.

ಆ ಪುಸ್ತಿಕೆಯಲ್ಲಿದ್ದದ್ದು ಆತಕೂರು ಶಾಸನ. ಮದ್ದೂರು ತಾಲ್ಲೂಕಿನ ಇಂದಿನ ಆತಗೂರು. ಅಲ್ಲಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯೊಂದಿಗೆ ಹೋರಾಡಿ, ಹಂದಿಯೂ ಸತ್ತು ತಾನೂ ಸತ್ತ ಕಥೆ ಇಲ್ಲಿನ ಓದುಗರಿಗೆ ಗೊತ್ತೇ ಇದೆ. ಶಕ ವರ್ಷ 872, ಅಂದರೆ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಸಂಗತಿ, ಗಂಗ ಎರಡನೆಯ ಬೂತುಗನಿಗೆ ಬನವಾಸಿ ಹನ್ನೆರಡು ಸಾಸಿರ ಮೊದಲಾದ ನಾಡುಗಳು ಸಿಕ್ಕ ಸಂಗತಿ, ಬೂತುಗನ ಬಂಟ ಮಣಲೆರನಿಗೆ ಆತುಕೂರು ಹನ್ನೆರಡನ್ನು ಕೊಟ್ಟ ಸಂಗತಿ ಎಲ್ಲವೂ ಇದೇ ಕಲ್ಲಿನಲ್ಲಿವೆ. ಮಣಲೆರನಿಗೆ ಕೊಟ್ಟದ್ದನ್ನು ಶಾಸನ 'ಬಾಳ್ಗಚ್ಚು' ಅನ್ನುತ್ತದೆ.

ಬಾಳ್ ಅಂದರೆ ಕತ್ತಿ. ಕಚ್ಚು ಅಂದರೆ ತೊಳೆ. ಕೞ್ಚು, ಕರ್ಚು, ಕಚ್ಚು ಅಂತ ಆ ಪದ ನಡೆದುಬಂದ ದಾರಿ. ಯುದ್ಧ ಗೆದ್ದ ವೀರನ ಕತ್ತಿ ತೊಳೆದು ಗೌರವಿಸಿ ಕೊಡುವ ಭೂಮಿ ಬಾಳ್ಗಚ್ಚು. ಗಂಗರ ಕಾಲದ ಹಲವು ಶಾಸನಗಳಲ್ಲಿ ಈ ಮಾತು ಸಿಗುತ್ತದೆ. ಪುಸ್ತಿಕೆಯಲ್ಲಿ ಅದರ ಅರ್ಥ ಹೇಗೆ ಕೊಟ್ಟಿದ್ದರು ಅಂದರೆ, 'ಬಾಳುವೆಗಾಗಿ ಕೊಟ್ಟ ಜಮೀನು' ಅಂತ. ಕತ್ತಿ ಹೋಗಿ ಜೀವನ ಬಂತು.

ಇದು ಹೇಗಾಗುತ್ತದೆ ನೋಡಿ. ಇವತ್ತಿನ ನಮ್ಮ 'ಬಾಳು', ಅಂದರೆ ಜೀವನ, ಹಳಗನ್ನಡದಲ್ಲಿ ಬಾೞ್. ಕತ್ತಿಯ ಬಾಳ್ ಬೇರೆ, ಬದುಕಿನ ಬಾೞ್ ಬೇರೆ. ಒಂದಕ್ಕೆ ಳ, ಇನ್ನೊಂದಕ್ಕೆ ೞ. ಶಾಸನದ ಪಾಠದಲ್ಲಿ ೞ ಇರುವ ಕಡೆ ೞ, ಳ ಇರುವ ಕಡೆ ಳ ಅಚ್ಚಾಗಿದ್ದರೆ, ಬಾಳ್ಗಚ್ಚಿನಲ್ಲಿ ಳ ಕಂಡವನು 'ಓ, ಇದು ಬದುಕಲ್ಲ' ಅಂತ ತಿಳಿಯುತ್ತಾನೆ. ಆ ಅಂಗಡಿಯ ಫಾಂಟಿನಲ್ಲಿ ೞ ಇರಲಿಲ್ಲ. ಅದು ಬರಬೇಕಾದ ಕಡೆಯೆಲ್ಲ ಖಾಲಿ ಚೌಕ ಬಂದಿತ್ತು. ಚೌಕಗಳನ್ನೆಲ್ಲ ಳ ಮಾಡಿ ಸರಿಪಡಿಸಿದ್ದರು. ಮೇಲೆ ಓರೆ ಬೇರೆ. ಪುಟ ನೋಡೋದಕ್ಕೆ ಅಚ್ಚುಕಟ್ಟು. ಯಾರಿಗೂ ಸಂಶಯ ಬರುವ ಹಾಗೇ ಇಲ್ಲ. ನನಗೆ ದಿಗಿಲಾಗುವುದು ಈ ಅಚ್ಚುಕಟ್ಟಿನ ಬಗ್ಗೆಯೇ.

ಈಗ ಅಕ್ಷರದ ವಿನ್ಯಾಸಕ್ಕೆ ಬರೋಣ. ನಾನು ವೃತ್ತಿಯಿಂದ ಇಂಜಿನಿಯರ್, ಲಿಪಿಶಾಸ್ತ್ರವನ್ನು ಕಲಿತದ್ದು ಸಂಪುಟಗಳನ್ನೂ ಕಲ್ಲುಗಳನ್ನೂ ಎದುರು ಬದುರು ಇಟ್ಟುಕೊಂಡು. ಹಾಗಾಗಿ ಮೊದಲು ಬರುವ ಪ್ರಶ್ನೆ ಯಾವಾಗಲೂ ಒಂದೇ: ಈ ಆಕಾರ ಯಾವ ಉಪಕರಣದಿಂದ ಬಂತು?

ಇಂಗ್ಲಿಷ್ ಅಕ್ಷರದ ಗೆರೆಯ ತುದಿಯಲ್ಲಿರುವ ಚಿಕ್ಕ ಅಡ್ಡಗೆರೆಗೆ ಸೆರಿಫ್ ಅನ್ನುತ್ತಾರೆ. ಅದು ಕಲ್ಲಿನಿಂದ ಬಂದದ್ದು. ರೋಮಿನ ಟ್ರೇಜನ್ ಸ್ತಂಭದ ಬುಡದಲ್ಲಿರುವ ಕ್ರಿ.ಶ. 113ರ ಶಾಸನವನ್ನು ಇಂದಿಗೂ ರೋಮನ್ ದೊಡ್ಡಕ್ಷರಗಳ ಮಾದರಿ ಅಂತ ಅಚ್ಚಿನವರು ಪೂಜಿಸುತ್ತಾರೆ. ಉಳಿಯ ಏಟನ್ನು ಚೊಕ್ಕ ಮಾಡುವುದಕ್ಕೆ ಸೆರಿಫ್ ಹುಟ್ಟಿತು ಅನ್ನುವುದು ಹಳೆಯ ಊಹೆ. ಎಡ್ವರ್ಡ್ ಕ್ಯಾಟಿಚ್ ಎಂಬ ಪಾದ್ರಿ, ಸ್ವತಃ ಕಲ್ಲು ಕೆತ್ತುವವರು, 1968ರಲ್ಲಿ ಒಂದು ಪುಸ್ತಕ ಬರೆದು ಬೇರೆ ಮಾತು ಹೇಳಿದರು. ಕಲ್ಲಿನ ಮೇಲೆ ಮೊದಲು ಚಪ್ಪಟೆ ಕುಂಚದಿಂದ ಬಣ್ಣದಲ್ಲಿ ಬರೆದರು, ಆಮೇಲೆ ಉಳಿ ಆ ಬಣ್ಣದ ಮೇಲೆ ಹೋಯಿತು. ಸೆರಿಫ್ ಕುಂಚದ ಕೆಲಸವೇ ಹೊರತು ಉಳಿಯದ್ದಲ್ಲ ಅಂತ. ನನಗಂತೂ ಇದನ್ನು ಒಪ್ಪಲು ಕಷ್ಟವಾಗಲಿಲ್ಲ. ನಮ್ಮ ಶಾಸನಗಳೇ ಬರೆದವನು ಬೇರೆ, ಕಂಡರಿಸಿದವನು ಬೇರೆ ಅಂತ ಇಬ್ಬರ ಹೆಸರನ್ನು ಹೇಳುವುದುಂಟಲ್ಲ! ಒಬ್ಬನ ಕೈಬರಹದ ಮೇಲೆ ಇನ್ನೊಬ್ಬನ ಉಳಿ. ತಾಳಗುಂದದ ಕುಬ್ಜನಂತೆ ಕವಿಯೇ ಕಲ್ಲಿನ ಮೇಲೆ ಬರೆದೆ ಅಂತ ಹೇಳಿಕೊಳ್ಳುವುದು ಅಪರೂಪ.

ನಮ್ಮಲ್ಲಿ ಸೆರಿಫಿಗೆ ಹತ್ತಿರದ್ದು ತಲೆಕಟ್ಟು. ಅಶೋಕನ ಬ್ರಾಹ್ಮಿಯಲ್ಲಿ, ಬ್ರಹ್ಮಗಿರಿ, ಸಿದ್ದಾಪುರ, ಮಸ್ಕಿಗಳಲ್ಲಿ ಅದು ಇಲ್ಲ. ಬರೀ ಗೆರೆ. ಸಾತವಾಹನರ ಕಾಲಕ್ಕೆ ಗೆರೆಯ ನೆತ್ತಿ ದಪ್ಪಗಾಗತೊಡಗುತ್ತದೆ. ಮಸಿಯ ಲೇಖನಿ ಊರಿದ ಜಾಗ. ಕದಂಬರ ತಾಳಗುಂದದ ಹೊತ್ತಿಗೆ ಅದು ಪುಟ್ಟ ಪೆಟ್ಟಿಗೆಯ ಆಕಾರ ಪಡೆದಿದೆ, ಪೆಟ್ಟಿಗೆತಲೆಯ ಲಿಪಿ ಅಂತ ಕರೆಯುವುದು ಅದನ್ನೇ. ಅಲ್ಲಿಂದ ಮುಂದೆ ಚಾಲುಕ್ಯ, ಗಂಗ, ರಾಷ್ಟ್ರಕೂಟರ ಕಾಲದಲ್ಲಿ ಅಕ್ಷರದ ಮೈ ದುಂಡಗಾಗುತ್ತ, ಪೆಟ್ಟಿಗೆ ಚಪ್ಪಟೆಯಾಗುತ್ತ ಇಂದಿನ ತಲೆಕಟ್ಟಿನ ಕಡೆಗೆ ಬಂತು.

(ಒಂದು ಎಚ್ಚರಿಕೆ: ಪುಸ್ತಕಗಳಲ್ಲಿ ಸಾತವಾಹನ-ಕದಂಬರ ಪ್ರಾಕೃತ ಶಾಸನಗಳ 'ಮಳವಳ್ಳಿ ಸ್ತಂಭ' ಅಂತ ಓದಿ ಮಂಡ್ಯ ಬಸ್ಸು ಹತ್ತಬೇಡಿ. ಅದು ಶಿಕಾರಿಪುರ ತಾಲ್ಲೂಕಿನ ಮಳವಳ್ಳಿ.)

ಆದರೆ ತಲೆಕಟ್ಟು ಸೆರಿಫ್ ಅಲ್ಲ. ಇಂಗ್ಲಿಷಿನಲ್ಲಿ ಸೆರಿಫನ್ನು ಕತ್ತರಿಸಿ ಎಸೆದರೂ ಅಕ್ಷರ ಅದೇ ಅಕ್ಷರ. ಬಸ್ಸಿನ ಬೋರ್ಡು, ಮೊಬೈಲಿನ ಪರದೆ ಎಲ್ಲ ಹಾಗೇ ಇವೆ. ಕನ್ನಡದಲ್ಲಿ 'ಕ'ದ ತಲೆಕಟ್ಟು ತೆಗೆದರೆ ಅದು 'ಕ' ಆಗಿ ಉಳಿಯುವುದಿಲ್ಲ. ಅದು ಅಕಾರದ ಗುರುತು. 'ಕಿ' ಬರೆಯುವಾಗ ತಲೆಕಟ್ಟು ಹೋಗಿ ಗುಡಿಸು ಬರುತ್ತದೆ, 'ಕಾ'ದಲ್ಲಿ ಇಳಿ ಬರುತ್ತದೆ, 'ಕು'ದಲ್ಲಿ ಮಾತ್ರ ತಲೆಕಟ್ಟು ಇದ್ದು ಕೊಂಬು ಪಕ್ಕಕ್ಕೆ ಕೂರುತ್ತದೆ. ಖ, ಜ, ಣ, ಬ, ಲಗಳಿಗೆ ತಲೆಕಟ್ಟೇ ಇಲ್ಲ. ಲೇಖನಿ ಊರಿದ ಗುರುತಾಗಿ ಶುರುವಾದದ್ದು ಸಾವಿರ ವರ್ಷಗಳಲ್ಲಿ ವ್ಯಾಕರಣದ ಕೆಲಸ ಹಿಡಿದುಕೊಂಡುಬಿಟ್ಟಿದೆ. ಹೀಗಾಗಿ ಇಂಗ್ಲಿಷಿನ 'ಸೆರಿಫ್ ಇರುವುದು, ಇಲ್ಲದ್ದು' ಎಂಬ ವಿಂಗಡಣೆ ಕನ್ನಡ ಫಾಂಟುಗಳಿಗೆ ಹೆಸರಿಗಷ್ಟೆ ಹೊಂದುತ್ತದೆ. ನೋಟೊ ಸೆರಿಫ್ ಕನ್ನಡ, ನೋಟೊ ಸಾನ್ಸ್ ಕನ್ನಡ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಲೆಕಟ್ಟು ಎರಡರಲ್ಲೂ ಇದೆ. ಬೇರೆಯಾಗುವುದು ಗೆರೆಯ ದಪ್ಪ-ಸಣ್ಣಗಳ ಏರಿಳಿತ ಅಷ್ಟೆ.

ನಮ್ಮ ಮೂರು ತಾಲ್ಲೂಕಿನಲ್ಲಿ ಈ ವ್ಯತ್ಯಾಸ ಕಣ್ಣಾರೆ ನೋಡಬಹುದು. ಕ್ರಿ.ಶ. 1004ರ ಸುಮಾರಿಗೆ ಚೋಳರು ತಲಕಾಡನ್ನು ಹಿಡಿದ ಮೇಲೆ ಈ ಸೀಮೆಯಲ್ಲಿ ತಮಿಳು ಶಾಸನಗಳು ಕಾಣಿಸಿಕೊಳ್ಳುತ್ತವೆ. ಮಳವಳ್ಳಿ ಪಕ್ಕದ ಮಾರೆಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ ಆ ಕಾಲದ್ದು. ತಮಿಳು ಅಕ್ಷರಕ್ಕೆ ತಲೆಕಟ್ಟಿಲ್ಲ. ಗೆರೆ ಹೊರಟು ಗೆರೆ ನಿಲ್ಲುತ್ತದೆ. ಅದೇ ಸೀಮೆಯ ಕಲ್ಲು, ಅದೇ ಉಳಿ, ಆದರೆ ಪಕ್ಕದ ಊರಿನ ಕನ್ನಡ ಕಲ್ಲಿನಲ್ಲಿ ಪ್ರತಿ ಅಕ್ಷರದ ನೆತ್ತಿಯ ಮೇಲೂ ಒಂದು ಏಟು ಜಾಸ್ತಿ. ಮಂಡ್ಯ ತಾಲ್ಲೂಕಿನ ಬಸರಾಳಿಗೆ ಹೋದರೆ ಇನ್ನೊಂದು ಲೋಕ. ಹೊಯ್ಸಳ ಎರಡನೆಯ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಂಡನಾಯಕ ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ. ಹೊಯ್ಸಳರು ಬಳಸಿದ ಬಳಪದ ಕಲ್ಲು ಮೆತು, ಅಕ್ಕಸಾಲಿಯ ಕೆಲಸಕ್ಕೂ ಒಗ್ಗುತ್ತದೆ. ಅವರ ಕಾಲದ ಅಕ್ಷರಗಳಲ್ಲಿ ತಲೆಕಟ್ಟು, ಕೊಂಬುಗಳು ಬಳ್ಳಿಯ ಹಾಗೆ ಸುರುಳಿ ಸುತ್ತುತ್ತವೆ. ಹೊಲದ ಬದುವಿನ ಒರಟು ಕಣಶಿಲೆಯ ವೀರಗಲ್ಲಿನಲ್ಲಿ ಅಂಥ ಸುರುಳಿ ನಿಲ್ಲುವುದಿಲ್ಲ, ಹಕ್ಕಳೆ ಎದ್ದುಬಿಡುತ್ತದೆ. ಲಿಪಿಯ ಕಾಲ ಹೇಳುವಾಗ ಕಲ್ಲಿನ ಜಾತಿಯನ್ನೂ ನೋಡಬೇಕು ಅಂತ ನಾನು ಹೇಳುತ್ತಿರುವುದು ಇದಕ್ಕೇ. ಒರಟು ಕಲ್ಲಿನ ಒರಟು ಅಕ್ಷರವನ್ನು 'ಹಳೆಯದು' ಅಂತ, ನುಣುಪು ಕಲ್ಲಿನದನ್ನು 'ಈಚಿನದು' ಅಂತ ಬರೆದುಬಿಡುವ ಅಭ್ಯಾಸ ಹವ್ಯಾಸಿಗಳಲ್ಲಿ ತುಂಬಾ ಇದೆ.

ಸೆರಿಫ್ ಕಲ್ಲಿನ ಮಗು ಆದರೆ ಇಟಾಲಿಕ್ ಕಾಗದದ ಮಗು. ಹದಿನೈದನೆಯ ಶತಮಾನದ ಇಟಲಿಯಲ್ಲಿ ಕಚೇರಿಯ ಬರಹಗಾರರು ಬೇಗ ಬೇಗ ಬರೆಯಲು ಬಳಸುತ್ತಿದ್ದ ಕೂಡುಬರಹ ಒಂದಿತ್ತು. ಕೈ ವೇಗವಾಗಿ ಬಲಕ್ಕೆ ಓಡಿದಾಗ ಅಕ್ಷರ ತಾನಾಗಿ ವಾಲುತ್ತದೆ, ಸಣ್ಣಗಾಗುತ್ತದೆ. ವೆನಿಸ್ಸಿನ ಪ್ರಕಾಶಕ ಆಲ್ದಸ್ ಮನೂಷಿಯಸ್‌ಗಾಗಿ ಫ್ರಾಂಚೆಸ್ಕೊ ಗ್ರಿಫೊ ಎಂಬ ಕುಶಲಕರ್ಮಿ ಆ ಕೈಬರಹವನ್ನು ಅಚ್ಚಿನ ಮೊಳೆಯಾಗಿ ಕೊರೆದ. 1501ರಲ್ಲಿ ವರ್ಜಿಲ್ ಕವಿಯ ಕೃತಿ ಇಡಿಯಾಗಿ ಆ ಅಕ್ಷರದಲ್ಲಿ, ಕೈಯಲ್ಲಿ ಹಿಡಿದು ಓದುವ ಪುಟ್ಟ ಗಾತ್ರದಲ್ಲಿ ಬಂತು. ಆಗ ಅದು ಒತ್ತಿ ಹೇಳುವ ಗುರುತಲ್ಲ, ಇಡೀ ಪುಸ್ತಕದ ಅಕ್ಷರ. ದೊಡ್ಡಕ್ಷರಗಳು ಮಾತ್ರ ನೇರವಾಗಿಯೇ ನಿಂತಿದ್ದವು. ನೇರ ಅಕ್ಷರದ ನಡುವೆ ಓರೆ ಅಕ್ಷರ ಹಾಕಿ ಬೇರೆ ದನಿ ತೋರಿಸುವುದು ಆಮೇಲೆ ಬಂದ ಬಳಕೆ.

ಇಲ್ಲೊಂದು ಸೂಕ್ಷ್ಮ ಇದೆ. ನಿಜವಾದ ಇಟಾಲಿಕ್ ಅಂದರೆ ನೇರ ಅಕ್ಷರವನ್ನು ತಳ್ಳಿ ವಾಲಿಸಿದ್ದಲ್ಲ. ಇಂಗ್ಲಿಷಿನ ಮೊದಲ ಅಕ್ಷರವನ್ನೇ ತೆಗೆದುಕೊಳ್ಳಿ: ನೇರ ರೂಪದಲ್ಲಿ ಹೊಟ್ಟೆಯ ಮೇಲೊಂದು ಛತ್ರಿ, ಇಟಾಲಿಕ್ಕಿನಲ್ಲಿ ಛತ್ರಿ ಮಾಯ, ನಾವು ಕೈಯಲ್ಲಿ ಬರೆಯುವ ದುಂಡು ರೂಪ. ಅಂದರೆ ಅದರ ಅಸ್ಥಿಪಂಜರವೇ ಬೇರೆ, ಕೈಬರಹದ್ದು. ಓರೆ ಅದರ ಲಕ್ಷಣಗಳಲ್ಲಿ ಒಂದು ಮಾತ್ರ.

ಹಾಗಾದರೆ ಕನ್ನಡದ ನಿಜವಾದ ಇಟಾಲಿಕ್ ಯಾವುದಾಗಬೇಕು? ಕಚೇರಿಯ ವೇಗದ ಕೂಡುಬರಹವೇ ಅದರ ಮೂಲ ಅನ್ನುವುದಾದರೆ, ನಮ್ಮ ಉತ್ತರ ಮೋಡಿ. ಹುಣಸೆಬೀಜದ ಸರಿ, ಇದ್ದಿಲು ಬಳಿದು ಗಟ್ಟಿ ಮಾಡಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಕೈ ಎತ್ತದೆ ಬರೆದ ಕನ್ನಡ. ಶೃಂಗೇರಿ ಮಠದ ಕಡತಗಳು ಇದಕ್ಕೆ ಪ್ರಸಿದ್ಧ ಉದಾಹರಣೆ, ಡಾ. ಎ.ಕೆ. ಶಾಸ್ತ್ರಿಯವರು ಅವುಗಳನ್ನು ಓದಿ ಪ್ರಕಟಿಸಿದ್ದಾರೆ. ಅಲ್ಲಿ ತಲೆಕಟ್ಟು ಪಕ್ಕದ ಅಕ್ಷರಕ್ಕೆ ಕೊಂಡಿಯಾಗುತ್ತದೆ, ಒತ್ತಕ್ಷರ ಬಾಲವಾಗುತ್ತದೆ. ಮೋಡಿಯಿಂದ ಯಾವ ಗ್ರಿಫೊನೂ ಅಚ್ಚಿನ ಮೊಳೆ ಕೊರೆದದ್ದು ನಾನು ಕಂಡಿಲ್ಲ. ಕನ್ನಡದ ಅಚ್ಚು ಹಿಡಿದದ್ದು ಗ್ರಂಥದ ದುಂಡಕ್ಷರದ ದಾರಿಯನ್ನು. ಸೆರಾಂಪುರದಲ್ಲಿ 1817ರಲ್ಲಿ ಅಚ್ಚಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣದಿಂದ ಹಿಡಿದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದವರೆಗೆ ಅದೇ. ಹಾಗಾಗಿ ಇಂದು ಕನ್ನಡ ಫಾಂಟಿನಲ್ಲಿ 'ಇಟಾಲಿಕ್' ಅಂತ ಸಾಮಾನ್ಯವಾಗಿ ಕಾಣುವುದು ನೇರ ಅಕ್ಷರವನ್ನು ಪಕ್ಕಕ್ಕೆ ತಳ್ಳಿದ್ದು. ಕೇದಗೆ, ಮಲ್ಲಿಗೆ ಫಾಂಟುಗಳ ಜೊತೆಗೆ ಅಂಥ ಓರೆ ರೂಪ ಬರುತ್ತಿತ್ತು. ನೋಟೊದವರು ಕನ್ನಡಕ್ಕೆ ಇಟಾಲಿಕ್ ಮಾಡಿಯೇ ಇಲ್ಲ. ಫಾಂಟಿನಲ್ಲಿ ಇಲ್ಲದಿದ್ದರೂ 'ಐ' ಗುಂಡಿ ಒತ್ತಿದರೆ ಕಂಪ್ಯೂಟರ್ ತಾನೇ ವಾಲಿಸಿ ಕೊಡುತ್ತದೆ, ಬೇಡ ಅನ್ನುವುದಿಲ್ಲ.

ಈ ತಳ್ಳಾಟವನ್ನು ನಮ್ಮ ಇಂಜಿನಿಯರಿಂಗಿನಲ್ಲಿ ಷಿಯರ್ ಅನ್ನುತ್ತೇವೆ. ಬುಡದ ಸಾಲು ಅಲುಗುವುದಿಲ್ಲ, ಅದರ ಮೇಲಿದ್ದದ್ದು ಬಲಕ್ಕೆ ಸರಿಯುತ್ತದೆ, ಕೆಳಗಿದ್ದದ್ದು ಎಡಕ್ಕೆ. 12 ಡಿಗ್ರಿ ವಾಲಿಸಿದರೆ ಎತ್ತರದ ಪ್ರತಿ 100 ಘಟಕಕ್ಕೆ 21 ಘಟಕದಷ್ಟು ಪಕ್ಕಕ್ಕೆ ಹೋಗುತ್ತದೆ. ಇಂಗ್ಲಿಷ್ ಅಕ್ಷರ ಹೆಚ್ಚು ಕಡಿಮೆ ಒಂದೇ ಅಂತಸ್ತಿನ ಮನೆ, ತಡೆದುಕೊಳ್ಳುತ್ತದೆ. ಕನ್ನಡದ್ದು ಮೂರು ಅಂತಸ್ತು. ಮೇಲೆ ಗುಡಿಸು, ಏತ್ವ, ನಡುವೆ ಮೈ, ಕೆಳಗೆ ಒತ್ತು, ಕೆಲವೊಮ್ಮೆ ಎರಡೆರಡು. ಮಾರೆಹಳ್ಳಿಯ ದೇವರ ಹೆಸರನ್ನೇ ವಾಲಿಸಿ ನೋಡಿ. 'ಲಕ್ಷ್ಮೀ'ಯಲ್ಲಿ ಗುಡಿಸು ಬಲಕ್ಕೆ ಹೋಗಿ ಪಕ್ಕದ ದೀರ್ಘದ ಮೇಲೆ ಬೀಳುತ್ತದೆ, ಬಲಬದಿಯಲ್ಲಿ ಕೂರಬೇಕಾದ ಮಕಾರದ ಒತ್ತು ಎಡಕ್ಕೆ ಜಾರಿ ಅಕ್ಷರದ ಹೊಟ್ಟೆಯ ಕೆಳಗೆ ನುಸುಳುತ್ತದೆ. ದುಂಡಗಿದ್ದ ವೃತ್ತ ಮೊಟ್ಟೆಯಾಗುತ್ತದೆ. ದಪ್ಪ ಇರಬೇಕಾದ ಕಡೆ ಸಣ್ಣ, ಸಣ್ಣ ಇರಬೇಕಾದ ಕಡೆ ದಪ್ಪ. ಒತ್ತಕ್ಷರ ಯಾವ ಅಕ್ಷರಕ್ಕೆ ಸೇರಿದ್ದು ಅಂತ ಹೇಳುವುದು ಶಾಸನದ ಪಾಠದಲ್ಲಿ ಎಷ್ಟು ಮುಖ್ಯ ಅಂತ ಓದಿದವರಿಗೆ ಗೊತ್ತು.

ಇನ್ನು ರೋಮನ್ ಲಿಪ್ಯಂತರದ ಕಥೆ. 1894 ನಮ್ಮ ಪಾಲಿಗೆ ವಿಶೇಷ ವರ್ಷ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟ ಬೆಂಗಳೂರಿನಲ್ಲಿ ಅಚ್ಚಾದದ್ದು ಆಗ. ಮಂಡ್ಯ, ಮಳವಳ್ಳಿಗಳ ಶಾಸನಗಳು ಇರುವುದು ಅದರಲ್ಲೇ. ಆಗಿನ್ನೂ ಮಂಡ್ಯ ಜಿಲ್ಲೆ ಹುಟ್ಟಿರಲಿಲ್ಲ, ಅದು 1939ರ ಮಾತು. ಮದ್ದೂರಿನ ಕಲ್ಲುಗಳೂ ಮಂಡ್ಯ ತಾಲ್ಲೂಕಿನ ಕೆಳಗೆ ಸೇರಿದ್ದವು, ಆತಕೂರಿನದು ಮಂಡ್ಯ 41. ಕಿಟ್ಟೆಲರ ನಿಘಂಟು ಮಂಗಳೂರಿನಿಂದ ಹೊರಬಂದದ್ದು ಅದೇ ವರ್ಷ. ಸಂಸ್ಕೃತ ಮೊದಲಾದ ಭಾಷೆಗಳನ್ನು ರೋಮನ್ನಿನಲ್ಲಿ ಬರೆಯುವ ಪದ್ಧತಿಯ ಬಗ್ಗೆ ಪ್ರಾಚ್ಯ ವಿದ್ವಾಂಸರ ಸಮ್ಮೇಳನ ಜಿನೀವಾದಲ್ಲಿ ಒಂದು ಒಪ್ಪಂದಕ್ಕೆ ಬಂದದ್ದೂ ಅದೇ ವರ್ಷ. ರೈಸ್ ತಮ್ಮ ಸಂಪುಟಗಳಲ್ಲಿ ಪ್ರತಿ ಶಾಸನವನ್ನೂ ಮೂರು ಸಲ ಕೊಟ್ಟರು: ಇಂಗ್ಲಿಷ್ ಅನುವಾದ, ರೋಮನ್ ಅಕ್ಷರದಲ್ಲಿ ಪಾಠ, ಕನ್ನಡ ಅಕ್ಷರದಲ್ಲಿ ಪಾಠ. ಇದರ ಪ್ರಯೋಜನ ನನಗೆ ತಿಳಿದದ್ದು ಬಳಸುತ್ತ ಬಳಸುತ್ತ. ಒಂದರಲ್ಲಿ ಮೊಳೆ ತಪ್ಪಿ ಬಿದ್ದಿದ್ದರೆ ಇನ್ನೊಂದು ಹಿಡಿದುಕೊಡುತ್ತದೆ. 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಿಂದ ಬಂದ ಪರಿಷ್ಕೃತ ಏಳನೆಯ ಸಂಪುಟ, ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗಳದ್ದು, ಪಕ್ಕದಲ್ಲಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ರೋಮನ್ ಪಾಠಕ್ಕೆ ಓರೆ ಸೆರಿಫ್ ಬಳಸುವುದರಲ್ಲಿ ತಪ್ಪಿಲ್ಲ, ಇಂಗ್ಲಿಷ್ ಮಾತಿನ ನಡುವೆ ಕನ್ನಡ ಪದ ತಟ್ಟನೆ ಕಾಣುತ್ತದೆ. ಆದರೆ ಫಾಂಟ್ ನೋಡಿ ಆರಿಸಬೇಕು. ಳಕಾರಕ್ಕೆ 'ಎಲ್' ಅಕ್ಷರದ ಕೆಳಗೆ ಚುಕ್ಕೆ, ೞಕಾರಕ್ಕೆ ಅದೇ 'ಎಲ್' ಕೆಳಗೆ ಅಡ್ಡಗೆರೆ. ಕತ್ತಿಗೂ ಬದುಕಿಗೂ ನಡುವೆ ಇರುವುದು ಇಷ್ಟೇ ಅಂತರ! ಓರೆ ಅಕ್ಷರದಲ್ಲಿ ಗೆರೆಯ ತುದಿಗೆ ಬಲಕ್ಕೆ ತಿರುಗಿದ ಕೊಕ್ಕೆ ಇರುತ್ತದೆ. ಸಣ್ಣ ಗಾತ್ರದಲ್ಲಿ, ಜೆರಾಕ್ಸ್ ಪ್ರತಿಯಲ್ಲಿ ಆ ಕೊಕ್ಕೆ, ಚುಕ್ಕೆ, ಗೆರೆ ಮೂರೂ ಕಲೆಸಿ ಒಂದೇ ಮಚ್ಚೆಯಾಗುತ್ತದೆ. ಏಕಾರ ಓಕಾರಗಳ ದೀರ್ಘದ್ದೂ ಇದೇ ಪಾಡು. ಸಂಸ್ಕೃತಕ್ಕೆ ಹ್ರಸ್ವ ಎ, ಒ ಇಲ್ಲದ್ದರಿಂದ ಸಂಸ್ಕೃತದ ರೂಢಿಯಲ್ಲಿ ಮೇಲಿನ ಗೆರೆ ಬಿಟ್ಟುಬಿಡುತ್ತಾರೆ. ಕನ್ನಡಕ್ಕೆ ಅದು ಬೇಕೇ ಬೇಕು. 2001ರ ಐಎಸ್‌ಒ 15919 ಪದ್ಧತಿ ಅದನ್ನು ಸರಿಯಾಗಿ ಕೊಡುತ್ತದೆ. ಚುಕ್ಕೆಗೂ ಗೆರೆಗೂ ಅಕ್ಷರದಿಂದ ಒಂದಿಷ್ಟು ದೂರ ಬಿಟ್ಟಿರುವ ಓರೆ ಫಾಂಟ್ ಸಿಗದಿದ್ದರೆ ರೋಮನ್ ಪಾಠವನ್ನೂ ನೇರವಾಗಿ ಹಾಕುವುದೇ ಮೇಲು ಅಂತ ನನ್ನ ಅಭಿಪ್ರಾಯ.

ಇಷ್ಟೊಂದು ಹಟ ಯಾಕೆ ಅಂದರೆ, ೞಕಾರ ಅರ್ಥಕ್ಕೆ ಮಾತ್ರ ಸಂಬಂಧಿಸಿದ್ದಲ್ಲ, ಕಾಲಕ್ಕೂ ಸಂಬಂಧಿಸಿದ್ದು. ತಾರೀಖು ಇಲ್ಲದ ಕಲ್ಲುಗಳು ನಮ್ಮ ಊರುಗಳಲ್ಲಿ ಲೆಕ್ಕವಿಲ್ಲದಷ್ಟಿವೆ. ಅವುಗಳ ಕಾಲ ಹೇಳಲು ಲಿಪಿಯ ಜೊತೆಗೆ ಭಾಷೆಯೂ ಸಾಕ್ಷಿ. ಗೞ್ದೆ ಅಂತ ಇದ್ದದ್ದು ಗರ್ದೆ ಆಯಿತು, ಆಮೇಲೆ ಗದ್ದೆ ಆಯಿತು. ದಾನಶಾಸನ ಅಂದಮೇಲೆ ಗದ್ದೆ ಬರದೆ ಇರುತ್ತದೆಯೇ, ಅದೂ ನಮ್ಮ ಸೀಮೆಯಲ್ಲಿ? ಆ ಒಂದು ಪದ ಯಾವ ರೂಪದಲ್ಲಿದೆ ಅನ್ನುವುದರಿಂದ ಕಲ್ಲು ಹೆಚ್ಚು ಕಡಿಮೆ ಎಲ್ಲಿ ಕೂರುತ್ತದೆ ಅಂತ ಅಂದಾಜು ಮಾಡಬಹುದು. ಹದಿಮೂರನೆಯ ಶತಮಾನದ ಕೇಶಿರಾಜ ಯಾವ ಪದಕ್ಕೆ ಯಾವ ಳಕಾರ ಅಂತ ಶಬ್ದಮಣಿದರ್ಪಣದಲ್ಲಿ ಅಷ್ಟು ಶ್ರಮಪಟ್ಟು ಹೇಳುತ್ತಾನೆ ಅಂದರೆ, ಅವನ ಕಾಲಕ್ಕೇ ಜನ ಅದನ್ನು ಬೆರೆಸುತ್ತಿದ್ದರು ಅಂತಲೇ ಅರ್ಥ. ಬೆರೆಸಿದ್ದು ಕಲ್ಲಿನವನೋ, ಕಂಪ್ಯೂಟರಿನವನೋ? ಅಚ್ಚಿನ ಪಾಠ ನೋಡಿದರೆ ಗೊತ್ತಾಗಬೇಕು. ಸಂಪುಟಗಳಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಈಗ ಆಯಾ ಊರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ರಸ್ತೆ ಅಗಲವಾಯಿತು, ಕೆರೆ ಏರಿ ಗಟ್ಟಿಯಾಯಿತು, ಗುಡಿ ಹೊಸದಾಯಿತು. ಅಂಥ ಕಡೆ ಅಚ್ಚಾದ ಪಾಠವೇ ಕಲ್ಲು. ಅದರಲ್ಲಿ ೞ ಅಳಿಸಿದರೆ ಉಳಿಯಲ್ಲಿ ಅಳಿಸಿದಂತೆಯೇ.

ಇನ್ನು, ಬೇರೆ ದನಿ ಅಂತ ತೋರಿಸುವುದು ಹೇಗೆ? ಕನ್ನಡ ಅಚ್ಚಿಗೆ ಅದಕ್ಕೆ ಓರೆ ಬೇಕಾಗಿಯೇ ಇರಲಿಲ್ಲ. ಪಾಠವನ್ನು ಒಂದಿಷ್ಟು ಒಳಕ್ಕೆ ಸರಿಸಿ, ಸಾಲಿನ ಸಂಖ್ಯೆ ಕೊಟ್ಟರೆ ಸಾಕು, ಇದು ಕಲ್ಲಿನ ಮಾತು ಅಂತ ಎಂಥವನಿಗೂ ಗೊತ್ತಾಗುತ್ತದೆ. ನಮ್ಮ ಸೇರ್ಪಡೆಗಳಿಗೆ ಎಪಿಗ್ರಾಫಿಯಾ ಇಂಡಿಕಾದ ಕಂಸಗಳ ರೂಢಿ ಇದೆಯಲ್ಲ: ಸವೆದು ಅರೆಬರೆ ಕಾಣುವ ಅಕ್ಷರಕ್ಕೆ ಚೌಕ ಕಂಸ, ತಿದ್ದುಪಡಿಗೆ ದುಂಡು ಕಂಸ, ಕಲ್ಲಿನಲ್ಲಿ ಬಿಟ್ಟುಹೋಗಿ ನಾವು ತುಂಬಿದ್ದಕ್ಕೆ ನಕ್ಷತ್ರ. ಸ್ಮರಣ ಸಂಚಿಕೆಯವರು ಮೊದಲು ಕಿತ್ತು ಹಾಕುವುದು ಈ ಕಂಸಗಳನ್ನೇ, 'ಓದೋಕೆ ಅಡ್ಡ' ಅಂತ. ಆಮೇಲೆ ಚೆಂದಕ್ಕೆ ಓರೆ ಮಾಡುವುದು. ಸಂಶಯದ ಗುರುತು ಹೋಗಿ ಅಲಂಕಾರದ ಗುರುತು ಬಂತು. ಸಂಪಾದಕ ಅಳುಕುತ್ತ ಓದಿದ ಅಕ್ಷರ ಅಲ್ಲಿ ದೇವರ ವಾಕ್ಯದ ಹಾಗೆ ಕೂರುತ್ತದೆ, ಮುಂದಿನವನು ಅದನ್ನೇ ಎತ್ತಿ ಬರೆಯುತ್ತಾನೆ.

ಫಾಂಟಿನ ವಿಷಯದಲ್ಲಿ ಈಗ ನೆಪ ಹೇಳುವ ಹಾಗಿಲ್ಲ. ಯುನಿಕೋಡಿನಲ್ಲಿ ಱ ಇದೆ, ೞ ಇದೆ. ೞಕಾರಕ್ಕೆ ಅಲ್ಲಿ ಇಂಗ್ಲಿಷಿನಲ್ಲಿ 'ಎಫ್‌ಎ' ಎಂಬ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರು ಬದಲಿಸುವುದಿಲ್ಲ ಅನ್ನುವುದು ಅವರ ನಿಯಮವಾದ್ದರಿಂದ 'ಈ ಹೆಸರು ತಪ್ಪು' ಅಂತ ಪಕ್ಕದಲ್ಲಿ ಟಿಪ್ಪಣಿ ಹಾಕಿ ಸುಮ್ಮನಾಗಿದ್ದಾರೆ. ಹುಡುಕುವವರು ಹೆಸರು ನೋಡಿ ಮೋಸಹೋಗಬೇಡಿ. ಟೈರೊ ಟೈಪ್‌ವರ್ಕ್ಸ್‌ನವರ ಟೈರೊ ಕನ್ನಡ ಉಚಿತವಾಗಿ ಸಿಗುತ್ತದೆ, ಸಾಹಿತ್ಯ ಕೃತಿಗಳ ಮುದ್ರಣಕ್ಕೆಂದೇ ಮಾಡಿದ್ದು. ಇಟಾಲಿಕ್ ಎಂಬ ಎರಡನೆಯ ರೂಪವೂ ಅದಕ್ಕಿದೆ. ರೋಮನ್ ಪದಗಳಿಗೆ ಅದನ್ನು, ಕನ್ನಡ ಪಾಠಕ್ಕೆ ನೇರ ರೂಪವನ್ನು ಬಳಸಿ ನೋಡಬಹುದು.

ಯಾವ ಫಾಂಟ್ ಆದರೂ ಅಚ್ಚಿಗೆ ಕೊಡುವ ಮುಂಚೆ ನಾನು ಒಂದು ಹಾಳೆಯಲ್ಲಿ ಈ ಪದಗಳನ್ನು ತೆಗೆಸುತ್ತೇನೆ: ಬಾಳ್ಗಚ್ಚು, ಬಾೞ್, ಗೞ್ದೆ, ಕೞ್ಚು, ಲಕ್ಷ್ಮೀ. ಅಂಗಡಿಯವರಿಗೆ ತಮಾಷೆ, "ಸಾರ್ ಬಂದ್ರು, ಕತ್ತಿ ತೊಳಿಯೋ ಸಾರು" ಅನ್ನುತ್ತಾರೆ. ಅದೇ ಹಾಳೆಯನ್ನು ಒಮ್ಮೆ ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಮತ್ತೆ ಜೆರಾಕ್ಸ್ ಮಾಡಿಸಿ, ಆಮೇಲೂ ಳ ಳವಾಗಿ ೞ ೞವಾಗಿ ಕಂಡರೆ ಆ ಫಾಂಟ್ ಆಗಬಹುದು. ಹಳಗನ್ನಡದ ನಕಾರಪೊಲ್ಲು 2021ರಲ್ಲಿ ಯುನಿಕೋಡಿಗೆ ಸೇರಿದೆ. ನಿಮ್ಮ ಶಾಸನದಲ್ಲಿ ಅದು ಇದ್ದರೆ ಪಟ್ಟಿಗೆ ಅದನ್ನೂ ಸೇರಿಸಿಕೊಳ್ಳಿ, ಅಲ್ಲಿ ಖಾಲಿ ಚೌಕ ಬರುವ ಸಂಭವ ಈಗಲೂ ಹೆಚ್ಚು.